ಚೆಂಡುಹೂವಿನ ದಾರಿ

ನವೆಂಬರ್ ಎರಡರ ಸಂಜೆ. ಮೆಕ್ಸಿಕೊ ನಗರದ ಆಗ್ನೇಯ ಅಂಚಿನಲ್ಲಿರುವ ಮಿಸ್ಕಿಕ್ ಎಂಬ ಹಳೆಯ ಊರಿನಲ್ಲಿ ಇಗರ್ಜಿಯ ಗಂಟೆ ಬಾರಿಸತೊಡಗುತ್ತದೆ. ಇಗರ್ಜಿಯ ಸುತ್ತಲೇ ಊರಿನ ಸ್ಮಶಾನ. ಬೆಳಗಿನಿಂದ ಗುಡಿಸಿ, ತೊಳೆದು, ಹೂವು ಹರಡಿ ಸಿದ್ಧಗೊಳಿಸಿದ ಸಮಾಧಿಗಳ ಮೇಲೆ ಮೇಣದ ಬತ್ತಿಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಹತ್ತು, ನೂರು, ಸಾವಿರ. ಕತ್ತಲಾಗುವ ಹೊತ್ತಿಗೆ ಇಡೀ ಸ್ಮಶಾನ ಬೆಳಕಿನ ಕೆರೆಯಂತೆ ಕಾಣುತ್ತದೆ. ಧೂಪದ ಹೊಗೆ ಮೇಲೇಳುತ್ತದೆ. ಸಮಾಧಿಯ ಪಕ್ಕದಲ್ಲೇ ಕಂಬಳಿ ಹಾಸಿಕೊಂಡು ಅಜ್ಜಿಯರು ಕೂತಿದ್ದಾರೆ. ಅವರ ತೊಡೆಯ ಮೇಲೆ ಮೊಮ್ಮಕ್ಕಳು ಮಲಗಿದ್ದಾರೆ. ತುಸು ದೊಡ್ಡ ಮಕ್ಕಳು ಗೋರಿಗಳ ನಡುವೆ ಓಡಾಡುತ್ತಾ ಆರಿಹೋದ ಬತ್ತಿಗಳನ್ನು ಮತ್ತೆ ಹೊತ್ತಿಸುತ್ತಿದ್ದಾರೆ.

ಕನ್ನಡ ನಾಡಿನ ಓದುಗರಿಗೆ ಈ ಕೊನೆಯ ಸಂಗತಿಯೇ ಹೆಚ್ಚು ಅಚ್ಚರಿ ತಂದೀತು. ಇಲ್ಲಿ ಹೊತ್ತು ಮುಳುಗಿದ ಮೇಲೆ ಮಕ್ಕಳನ್ನು ಸ್ಮಶಾನದ ಕಡೆ ಕಳಿಸುವವರು ಯಾರು? ಮನೆಯಲ್ಲಿ ಸಾವಾದರೆ ಮೊದಲು ಮಾಡುವ ಕೆಲಸವೇ ಚಿಕ್ಕವರನ್ನು ಪಕ್ಕದ ಮನೆಗೆ ಸಾಗಿಸುವುದು. ‘ಅಜ್ಜ ಎಲ್ಲಿ?’ ಎಂದು ಮಗು ಕೇಳಿದರೆ ‘ದೇವರ ಹತ್ತಿರ ಹೋಗಿದ್ದಾರೆ’ ಎಂಬ ಒಂದು ಮಾತು. ಮುಂದಿನ ಪ್ರಶ್ನೆಗೆ ಗದರಿಕೆ. ಮೆಕ್ಸಿಕೊದ ಜನ ಇದೇ ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ ಎದುರಿಸುತ್ತಾರೆ. ವರ್ಷಕ್ಕೆ ಎರಡು ದಿನ ಅವರು ತೀರಿಕೊಂಡವರನ್ನು ಮನೆಗೆ ಊಟಕ್ಕೆ ಕರೆಯುತ್ತಾರೆ. ಆ ಊಟದ ಸಿದ್ಧತೆಯಲ್ಲಿ ಮನೆಯ ಮಕ್ಕಳಿಗೂ ಪಾಲಿರುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ ಈ ಹಬ್ಬದ ಹೆಸರು ‘ದಿಯಾ ದೆ ಮುಎರ್ತೋಸ್’, ಅಂದರೆ ಮೃತರ ದಿನ.

ಮನೆಯೊಳಗಿನ ಎಡೆ

ಹಬ್ಬದ ಹೃದಯವಿರುವುದು ಮನೆಯೊಳಗೆ. ಅಕ್ಟೋಬರ್ ಕೊನೆಯ ದಿನಗಳಲ್ಲಿ ಪ್ರತಿ ಮನೆಯಲ್ಲೂ ಒಂದು ಮೇಜನ್ನೋ ಮೆಟ್ಟಿಲಿನಂತೆ ಜೋಡಿಸಿದ ಪೆಟ್ಟಿಗೆಗಳನ್ನೋ ಬಟ್ಟೆ ಹೊದಿಸಿ ಸಿಂಗರಿಸುತ್ತಾರೆ. ಇದು ‘ಓಫ್ರೆಂದಾ’. ಕನ್ನಡದಲ್ಲಿ ಇದಕ್ಕೆ ಎಡೆ ಎಂಬ ಪದವೇ ಸರಿಹೋಗುತ್ತದೆ. ಮೇಲಿನ ಸಾಲಿನಲ್ಲಿ ತೀರಿಕೊಂಡವರ ಭಾವಚಿತ್ರಗಳು. ಅವುಗಳ ಮುಂದೆ ಅವರವರಿಗೆ ಇಷ್ಟವಾಗಿದ್ದ ಅಡುಗೆ: ಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ತಮಾಲೆ, ಮೆಣಸಿನಕಾಯಿ ಮತ್ತು ಕೋಕೋ ಬೆರೆಸಿದ ‘ಮೋಲೆ’ ಎಂಬ ಗಟ್ಟಿ ಸಾರು, ಹಣ್ಣು, ಮೂಳೆಯಾಕಾರದ ಹಿಟ್ಟಿನ ಪಟ್ಟಿಗಳನ್ನಿಟ್ಟು ಬೇಯಿಸಿದ ಸಿಹಿ ಬ್ರೆಡ್ಡು. ತಾತ ಸಿಗರೇಟು ಸೇದುತ್ತಿದ್ದರೆ ಒಂದು ಸಿಗರೇಟು, ಮದ್ಯ ಕುಡಿಯುತ್ತಿದ್ದರೆ ಒಂದು ಪುಟ್ಟ ಲೋಟದಲ್ಲಿ ಅದೂ ಉಂಟು.

ಇವಿಷ್ಟೇ ಸಾಲದು. ದೂರದಿಂದ ನಡೆದು ಬಂದವರಿಗೆ ಬಾಯಾರಿಕೆ ಇರುತ್ತದೆಂದು ಒಂದು ಲೋಟ ನೀರು. ಶುದ್ಧಿಗೆಂದು ಚಿಟಿಕೆ ಉಪ್ಪು. ದಾರಿ ಕಾಣಲು ಮೇಣದ ಬತ್ತಿ. ಗಾಳಿ ಬೀಸಿದಾಗ ಅಲುಗಾಡುವ, ಉಳಿಯಿಂದ ಚಿತ್ತಾರ ಕೊರೆದ ಬಣ್ಣದ ಕಾಗದದ ತೋರಣ. ಕೆಂಡದ ಮೇಲೆ ‘ಕೋಪಾಲ್’ ಎಂಬ ಮರದ ಅಂಟಿನ ಧೂಪ. ಕೋಪಾಲ್ ಕೊಡುವ ಮರಗಳು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇಲ್ಲಿನ ಗುಗ್ಗುಳದ ಕುಟುಂಬಕ್ಕೇ ಸೇರಿದವು ಎಂಬುದು ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. ಸಾವಿರಾರು ಮೈಲಿ ದೂರದ ಎರಡು ನಾಡುಗಳ ಜನ, ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲದೆ, ಒಂದೇ ಕುಟುಂಬದ ಗಿಡಮರಗಳ ಅಂಟನ್ನು ಪೂಜೆಯ ಹೊಗೆಗೆ ಆರಿಸಿಕೊಂಡರು.

ಹೆಚ್ಚಿನ ಊರುಗಳಲ್ಲಿ ನವೆಂಬರ್ 1 ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮಕ್ಕಳ ದಿನ. ಅಂದು ಎಡೆಯಲ್ಲಿ ಆಟಿಕೆ, ಹಾಲು, ಸಿಹಿತಿಂಡಿ. ಖಾರದ ಅಡುಗೆ ಇರುವುದಿಲ್ಲ. ನವೆಂಬರ್ 2 ದೊಡ್ಡವರ ದಿನ. ಮನೆಯ ಮಕ್ಕಳಿಗೆ ಈ ಎರಡು ದಿನಗಳಲ್ಲಿ ಕೈತುಂಬ ಕೆಲಸ. ಹೂವಿನ ಎಸಳು ಬಿಡಿಸಬೇಕು, ಕಾಗದ ಕತ್ತರಿಸಬೇಕು, ಭಾವಚಿತ್ರಗಳ ದೂಳು ಒರೆಸಬೇಕು. ಒರೆಸುವಾಗ ಮಗು ಕೇಳಿಯೇ ಕೇಳುತ್ತದೆ: ‘ಇವರು ಯಾರು?’ ಆ ಪ್ರಶ್ನೆಗೆ ಉತ್ತರ ಹೇಳುವುದೇ ಹಬ್ಬದ ಮುಖ್ಯ ವಿಧಿ ಎಂದರೂ ತಪ್ಪಾಗಲಾರದು.

ಇಪ್ಪತ್ತರ ಹೂವು

ಸತ್ತವರು ಮನೆಗೆ ದಾರಿ ಹುಡುಕುವುದು ಹೇಗೆ? ಅದಕ್ಕಾಗಿ ಬೀದಿಯಿಂದ ಹೊಸ್ತಿಲು ದಾಟಿ ಎಡೆಯವರೆಗೆ ಕಿತ್ತಳೆ ಬಣ್ಣದ ಹೂವಿನ ಎಸಳುಗಳನ್ನು ಹಾದಿಯಂತೆ ಹರಡುತ್ತಾರೆ. ಬಣ್ಣ ಕಣ್ಣಿಗೆ ಬೀಳಬೇಕು, ವಾಸನೆ ಮೂಗಿಗೆ ಬಡಿಯಬೇಕು. ಹಾಗಾದರೆ ದಾರಿ ತಪ್ಪುವುದಿಲ್ಲ ಎಂಬ ನಂಬಿಕೆ. ಆ ಹೂವಿನ ಹೆಸರು ಸೆಂಪಾಸೂಚಿಲ್. ಅಜ್ಟೆಕ್ ಜನರ ನಾವಾಟ್ಲ್ ಭಾಷೆಯಲ್ಲಿ ಇದರ ಅರ್ಥ ‘ಇಪ್ಪತ್ತರ ಹೂವು’, ಅಂದರೆ ಬಹಳ ಎಸಳುಳ್ಳ ಹೂವು. ಕರ್ನಾಟಕದ ಓದುಗರು ಈ ಹೂವನ್ನು ನೋಡಲು ದೂರ ಹೋಗಬೇಕಾಗಿಲ್ಲ. ಆಯುಧಪೂಜೆಯ ದಿನ ಬಸ್ಸು, ಲಾರಿ, ಸೈಕಲ್ಲುಗಳಿಗೆಲ್ಲ ಹಾರವಾಗುವ ಚೆಂಡುಹೂವೇ ಇದು.

ಈ ಗಿಡದ ತವರು ಮೆಕ್ಸಿಕೊ. ಭಾರತಕ್ಕೆ ಇದು ಪೋರ್ಚುಗೀಸರ ಕಾಲದಲ್ಲಿ, ಮೆಣಸಿನಕಾಯಿ, ಸೀಬೆ, ಸೀತಾಫಲಗಳ ಜೊತೆಯಲ್ಲೇ ಹಡಗು ಹತ್ತಿ ಬಂದಿರಬೇಕು. 1753ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ಇದಕ್ಕೆ ‘ಟಾಜೀಟಿಸ್ ಇರೆಕ್ಟ’ ಎಂಬ ವೈಜ್ಞಾನಿಕ ಹೆಸರಿಟ್ಟ. ಇಂಗ್ಲಿಷ್ ಬಲ್ಲವರು ಇದನ್ನು ‘ಆಫ್ರಿಕನ್ ಮಾರಿಗೋಲ್ಡ್’ ಎನ್ನುವುದುಂಟು. ಆದರೆ ಆಫ್ರಿಕಕ್ಕೂ ಇದರ ಹುಟ್ಟಿಗೂ ಸಂಬಂಧವಿಲ್ಲ.

ಚೆಂಡುಹೂವನ್ನು ಬಿಡಿಸಿ ನೋಡಿದ ವಿದ್ಯಾರ್ಥಿಗೆ ಇನ್ನೊಂದು ಪಾಠ ಸಿಗುತ್ತದೆ. ಒಂದು ಹೂವೆಂದು ಕಾಣುವುದು ನಿಜವಾಗಿ ಹತ್ತಾರು ಪುಟ್ಟ ಹೂಗಳ ಗುಂಪು; ಒಂದೊಂದು ಎಸಳೂ ಒಂದೊಂದು ಪುಟ್ಟ ಹೂವಿಗೆ ಸೇರಿದ್ದು. ಹಗಲು ಚಿಕ್ಕದಾಗಿ ರಾತ್ರಿ ಉದ್ದವಾಗತೊಡಗಿದಾಗ ಈ ಗಿಡ ಹೆಚ್ಚು ಬೇಗ ಹೂ ಬಿಡುತ್ತದೆ. ಮೆಕ್ಸಿಕೊದಲ್ಲಿ ಮಳೆ ಮುಗಿದು ಅಕ್ಟೋಬರ್ ಬರುವ ಹೊತ್ತಿಗೆ ಹೊಲಗಳು ಕಿತ್ತಳೆ ಬಣ್ಣಕ್ಕೆ ತಿರುಗುವುದು ಈ ಕಾರಣದಿಂದಲೇ. ಹೂವಿನ ಬಣ್ಣಕ್ಕೆ ಮುಖ್ಯ ಕಾರಣ ಲುಟೀನ್ ಎಂಬ ವಸ್ತು. ಮನುಷ್ಯನ ಕಣ್ಣಿನ ಹಿಂಪರದೆಯಲ್ಲಿ, ನೋಟ ಅತ್ಯಂತ ಸ್ಪಷ್ಟವಾಗಿರುವ ಜಾಗದಲ್ಲಿ, ಇದೇ ಲುಟೀನ್ ಇದೆ. ಗುಂಡ್ಲುಪೇಟೆಯ ಸುತ್ತಮುತ್ತ ಎಕರೆಗಟ್ಟಲೆ ಬೆಳೆಯುವ ಚೆಂಡುಹೂವನ್ನು ಕಾರ್ಖಾನೆಗಳು ಕೊಳ್ಳುವುದು ಈ ಬಣ್ಣಕ್ಕಾಗಿ. ಒಂದು ನಾಡಿನಲ್ಲಿ ಹಿರಿಯರಿಗೆ ದಾರಿ ತೋರುವ ಹೂವು ಇನ್ನೊಂದು ನಾಡಿನಲ್ಲಿ ರೈತನ ಜೇಬಿಗೆ ದಾರಿ ಮಾಡಿದೆ.

ನಗುವ ತಲೆಬುರುಡೆ

ಹಬ್ಬದ ಬೇರು ಎಷ್ಟು ಹಳೆಯದು? ಸ್ಪೇನಿನವರು 1521ರಲ್ಲಿ ಅಜ್ಟೆಕ್ ರಾಜಧಾನಿಯನ್ನು ಗೆಲ್ಲುವ ಮೊದಲೇ ಅಲ್ಲಿ ಸತ್ತವರಿಗಾಗಿ ಎರಡು ಉತ್ಸವಗಳಿದ್ದವು, ಒಂದು ಮಕ್ಕಳಿಗೆ, ಒಂದು ದೊಡ್ಡವರಿಗೆ ಎಂದು ಆ ಕಾಲದ ಪಾದ್ರಿಗಳು ಬರೆದಿಟ್ಟಿದ್ದಾರೆ. ಸತ್ತವನು ಮಿಕ್ತ್ಲಾನ್ ಎಂಬ ಲೋಕ ಸೇರಲು ನಾಲ್ಕು ವರ್ಷ ನಡೆಯಬೇಕು, ದಾರಿಯ ನದಿಯನ್ನು ನಾಯಿಯೊಂದು ದಾಟಿಸುತ್ತದೆ ಎಂಬುದು ಅವರ ಕಲ್ಪನೆ. ಕ್ರೈಸ್ತ ಧರ್ಮ ಬಂದ ಮೇಲೆ ನವೆಂಬರ್ 1ರ ಸಕಲ ಸಂತರ ದಿನ ಮತ್ತು 2ರ ಸಕಲ ಆತ್ಮಗಳ ದಿನದೊಂದಿಗೆ ಹಳೆಯ ಆಚರಣೆಗಳು ಬೆರೆತುಕೊಂಡವು. ಈ ಬೆರಕೆಯಲ್ಲಿ ಅಜ್ಟೆಕ್ ಪಾಲೆಷ್ಟು, ಸ್ಪೇನಿನ ಪಾಲೆಷ್ಟು ಎಂದು ಇತಿಹಾಸಕಾರರು ಈಗಲೂ ವಾದಿಸುತ್ತಿದ್ದಾರೆ.

ಈ ಹಬ್ಬದಲ್ಲಿ ಅಳುವಿನಷ್ಟೇ ನಗುವೂ ಉಂಟು. ಸಕ್ಕರೆ ಪಾಕವನ್ನು ಅಚ್ಚಿಗೆ ಹೊಯ್ದು ತಲೆಬುರುಡೆ ಮಾಡಿ, ಹಣೆಯ ಮೇಲೆ ಬದುಕಿರುವ ಗೆಳೆಯನ ಹೆಸರನ್ನೇ ಬರೆದು ಅವನಿಗೆ ಉಡುಗೊರೆ ಕೊಡುತ್ತಾರೆ. ಅವನು ತನ್ನ ಬುರುಡೆಯನ್ನು ತಾನೇ ಕಡಿದು ತಿನ್ನುತ್ತಾನೆ! ಹೊಸೆ ಗ್ವಾದಲೂಪೆ ಪೊಸಾದಾ ಎಂಬ ಮುದ್ರಣ ಕಲಾವಿದ ಅಸ್ಥಿಪಂಜರಗಳಿಗೆ ಟೋಪಿ, ಕೋಟು ತೊಡಿಸಿ ಕುಣಿಸಿದ. ಹೂವಿನ ದೊಡ್ಡ ಟೋಪಿ ಧರಿಸಿ ಹಲ್ಲು ಬಿಡುವ ಅವನ ಶ್ರೀಮಂತ ಹೆಂಗಸಿನ ಬುರುಡೆಯನ್ನು ಮುಂದೆ 1947ರ ಸುಮಾರಿಗೆ ದಿಯೆಗೊ ರಿವೇರಾ ತನ್ನ ಭಿತ್ತಿಚಿತ್ರದ ನಟ್ಟನಡುವೆ ನಿಲ್ಲಿಸಿದ. ‘ಕತ್ರೀನಾ’ ಎಂದು ಇಂದು ಜಗತ್ತಿಗೆಲ್ಲ ಪರಿಚಿತಳಾದವಳು ಇವಳೇ. ರೇಷ್ಮೆ ಉಟ್ಟವರ ಒಳಗೂ ಇರುವುದು ಇದೇ ಎಲುಬು ಎಂಬುದು ಪೊಸಾದಾನ ತಮಾಷೆ. 1913ರಲ್ಲಿ ಅವನೇ ಬಡತನದಲ್ಲಿ ತೀರಿಕೊಂಡಾಗ ಅವನ ದೇಹಕ್ಕೆ ದೊರೆತದ್ದು ಬಡವರ ಸಮಾಧಿ.

2003ರಲ್ಲಿ ಯುನೆಸ್ಕೊ ಈ ಹಬ್ಬವನ್ನು ಮಾನವಕುಲದ ಪರಂಪರೆಯೆಂದು ಘೋಷಿಸಿತು. 2008ರಲ್ಲಿ ಅದು ಅಧಿಕೃತ ಪಟ್ಟಿಗೆ ಸೇರಿತು. ಸಂಪ್ರದಾಯಗಳು ಹುಟ್ಟುವ ಬಗೆಯೂ ವಿಚಿತ್ರ. 2015ರ ಜೇಮ್ಸ್ ಬಾಂಡ್ ಚಿತ್ರವೊಂದರಲ್ಲಿ ಮೆಕ್ಸಿಕೊ ನಗರದ ಬೀದಿಯಲ್ಲಿ ಮೃತರ ದಿನದ ಭಾರಿ ಮೆರವಣಿಗೆಯನ್ನು ತೋರಿಸಿದರು. ಅಂಥ ಮೆರವಣಿಗೆ ಅಲ್ಲಿ ಇರಲೇ ಇಲ್ಲ. ಸಿನಿಮಾ ನೋಡಿ ಪ್ರವಾಸಿಗರು ಕೇಳತೊಡಗಿಯಾರೆಂದು 2016ರಿಂದ ನಗರಾಡಳಿತ ಅದನ್ನು ನಿಜವಾಗಿಯೂ ಆರಂಭಿಸಿತು! 2017ರ ‘ಕೊಕೊ’ ಎಂಬ ವ್ಯಂಗ್ಯಚಿತ್ರ ಸಿನಿಮಾವನ್ನು ಇಲ್ಲಿನ ಅನೇಕ ಮಕ್ಕಳೂ ನೋಡಿದ್ದಾರೆ. ಬದುಕಿರುವವರಲ್ಲಿ ಒಬ್ಬರಾದರೂ ನೆನೆಯುವವರೆಗೆ ಮಾತ್ರ ಸತ್ತವರು ಆಚೆಯ ಲೋಕದಲ್ಲಿ ಉಳಿಯುತ್ತಾರೆ, ಎಲ್ಲರೂ ಮರೆತ ದಿನ ಮಾಯವಾಗುತ್ತಾರೆ ಎಂಬುದು ಆ ಚಿತ್ರದ ಕಥೆಯ ತಿರುಳು.

ಮುತ್ತಜ್ಜನ ಮರಕ್ಕೆ ಮರಳುವ ಚಿಟ್ಟೆ

ಸರಿಯಾಗಿ ಇದೇ ನವೆಂಬರ್ ಮೊದಲ ದಿನಗಳಲ್ಲಿ ಮೆಕ್ಸಿಕೊದ ಮಿಚುವಾಕಾನ್ ಸೀಮೆಯ ಬೆಟ್ಟಗಳಿಗೆ ಇನ್ನೊಂದು ಬಗೆಯ ಅತಿಥಿಗಳು ಬರುತ್ತಾರೆ. ಕಿತ್ತಳೆ ಬಣ್ಣದ, ಕಪ್ಪು ಗೆರೆಯ ಮೊನಾರ್ಕ್ ಚಿಟ್ಟೆಗಳು. ಕೆನಡ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನದಿಂದ ಹೊರಟು, ಕೆಲವು ನಾಲ್ಕು ಸಾವಿರ ಕಿಲೋಮೀಟರಿನಷ್ಟು ಹಾರಿ, ಸುಮಾರು ಮೂರು ಸಾವಿರ ಮೀಟರ್ ಎತ್ತರದ ಒಯಾಮೆಲ್ ಮರಗಳ ಕಾಡಿಗೆ ಬಂದಿಳಿಯುತ್ತವೆ. ಕೊಂಬೆಗಳು ಬಾಗುವಷ್ಟು ಚಿಟ್ಟೆಗಳು! ಒಂದೊಂದರ ತೂಕ ಅರ್ಧ ಗ್ರಾಮಿನಷ್ಟು ಮಾತ್ರ. ಅಲ್ಲಿನ ಪುರೆಪೆಚಾ, ಮಸಾವಾ ಬುಡಕಟ್ಟಿನ ಹಿರಿಯರು ಇವನ್ನು ತಮ್ಮ ತೀರಿಕೊಂಡವರ ಆತ್ಮಗಳೆಂದು ಬರಮಾಡಿಕೊಳ್ಳುತ್ತಾರೆ.

ಚಿಟ್ಟೆಗಳು ಚಳಿಗಾಲ ಕಳೆಯುವುದು ಎಲ್ಲಿ ಎಂಬುದು ಹೊರಜಗತ್ತಿಗೆ ಬಹುಕಾಲ ಒಗಟಾಗಿತ್ತು. ಕೆನಡದ ಪ್ರಾಣಿಶಾಸ್ತ್ರಜ್ಞ ಫ್ರೆಡ್ ಅರ್ಕ್ಹರ್ಟ್ ಮತ್ತು ಅವರ ಪತ್ನಿ ನೋರಾ ಹತ್ತಾರು ವರ್ಷ ಚಿಟ್ಟೆಯ ರೆಕ್ಕೆಗೆ ಪುಟ್ಟ ಚೀಟಿ ಅಂಟಿಸಿ ಹಾರಿಬಿಡುತ್ತಿದ್ದರು. ಅವರಿಗೆ ನೆರವಾದ ಸ್ವಯಂಸೇವಕರಲ್ಲಿ ಶಾಲಾ ಮಕ್ಕಳೂ ಇದ್ದರು. ಕೊನೆಗೆ 1975ರ ಜನವರಿ 2ರಂದು ಅವರ ಪರವಾಗಿ ಹುಡುಕುತ್ತಿದ್ದ ಕೆನ್ ಬ್ರಗ್ಗರ್ ಮತ್ತು ಮೆಕ್ಸಿಕೊದ ಕತಲೀನಾ ಅಗ್ವಾದೊ ದಂಪತಿ ಆ ಕಾಡನ್ನು ತಲುಪಿದರು. ಬೆಟ್ಟದ ತಪ್ಪಲಿನ ಹಳ್ಳಿಗರಿಗಂತೂ ಅದು ಮೊದಲೇ ಗೊತ್ತಿತ್ತು.

ಈಗ ನಿಜವಾದ ಬೆರಗು. ಬೇಸಿಗೆಯಲ್ಲಿ ಹುಟ್ಟಿದ ಮೊನಾರ್ಕ್ ಚಿಟ್ಟೆಯ ಆಯುಸ್ಸು ಎರಡರಿಂದ ಆರು ವಾರ. ಮಾರ್ಚಿಯಲ್ಲಿ ಮೆಕ್ಸಿಕೊ ಬಿಟ್ಟು ಉತ್ತರಕ್ಕೆ ಹೊರಟ ಚಿಟ್ಟೆಗಳು ದಾರಿಯಲ್ಲೇ ಮೊಟ್ಟೆಯಿಟ್ಟು ಸಾಯುತ್ತವೆ. ಅವುಗಳ ಮಕ್ಕಳು, ಮೊಮ್ಮಕ್ಕಳು ಮುಂದೆ ಸಾಗುತ್ತಾರೆ. ಬೇಸಿಗೆಯ ಕೊನೆಯಲ್ಲಿ ಹುಟ್ಟುವ ಪೀಳಿಗೆ ಮಾತ್ರ ಎಂಟು ತಿಂಗಳು ಬದುಕಬಲ್ಲುದು. ಅದೇ ಮತ್ತೆ ದಕ್ಷಿಣಕ್ಕೆ ಹಾರುತ್ತದೆ. ಅಂದರೆ ನವೆಂಬರಿನಲ್ಲಿ ಬಂದಿಳಿದ ಯಾವ ಚಿಟ್ಟೆಯೂ ಆ ಕಾಡನ್ನು ಹಿಂದೆ ಕಂಡದ್ದಲ್ಲ. ಅದರ ಮುತ್ತಜ್ಜ ಮುತ್ತಜ್ಜಿಯರು ತಂಗಿದ್ದ ಬೆಟ್ಟಕ್ಕೆ ಅದು ಬರುತ್ತದೆ, ಯಾರೂ ದಾರಿ ಹೇಳಿಕೊಡದೆ! ಸೂರ್ಯನ ದಿಕ್ಕನ್ನು ನೋಡುತ್ತಾ, ಹೊತ್ತು ಸರಿದಂತೆ ಆ ದಿಕ್ಕು ಬದಲಾಗುವುದನ್ನು ಸರಿತೂಗಿಸಿಕೊಳ್ಳಲು ಅದರ ಮೀಸೆಗಳಲ್ಲಿ ಗಡಿಯಾರದಂಥ ವ್ಯವಸ್ಥೆಯಿದೆ ಎಂದು 2009ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು.

ಆದರೆ ಈ ಅತಿಥಿಗಳ ಸಂಖ್ಯೆ ಕುಸಿದಿದೆ. ಚಿಟ್ಟೆಗಳು ಕೂರುವ ಕಾಡಿನ ವಿಸ್ತಾರವನ್ನು ಅಳೆದು ಅವುಗಳ ಸಂಖ್ಯೆಯನ್ನು ಅಂದಾಜು ಮಾಡುತ್ತಾರೆ. 1996–97ರ ಚಳಿಗಾಲದಲ್ಲಿ ಅದು 18 ಹೆಕ್ಟೇರ್, ಅಂದರೆ ಸುಮಾರು 45 ಎಕರೆ. 2013–14ರಲ್ಲಿ 0.67 ಹೆಕ್ಟೇರ್, ಎರಡು ಎಕರೆಯೂ ಇಲ್ಲ. 2024–25ರಲ್ಲಿ 1.79 ಹೆಕ್ಟೇರ್. ಮರಗಳ್ಳತನ, ಬದಲಾದ ಹವೆ, ಮತ್ತು ಉತ್ತರದ ಹೊಲಗಳಲ್ಲಿ ಕಳೆನಾಶಕ ಸಿಂಪಡಿಸಿ ಎಕ್ಕದ ಕುಟುಂಬಕ್ಕೆ ಸೇರಿದ ಆಹಾರದ ಗಿಡಗಳನ್ನು ಇಲ್ಲವಾಗಿಸಿದ್ದು ಕಾರಣಗಳು. ಹುಳುವಿಗೆ ಆ ಗಿಡದ ಎಲೆಯ ಹೊರತು ಬೇರೆ ಊಟವಿಲ್ಲ. ದಾರಿ ಗೊತ್ತಿದ್ದರೂ ಬುತ್ತಿ ಇಲ್ಲದ ಸ್ಥಿತಿ.

ಎಡೆಗೆ ಇಡಲಾಗದ ಚಿತ್ರ

ಚಿಟ್ಟೆಗೆ ಹಿರಿಯರ ದಾರಿ ಹುಟ್ಟಿನಿಂದಲೇ ಗೊತ್ತು. ಮನುಷ್ಯನ ಮಗುವಿಗೆ ಹಾಗಲ್ಲ. ಕಾಣದ ಮುತ್ತಜ್ಜಿಯ ನೆನಪು ರಕ್ತದಲ್ಲಿ ಹರಿದು ಬರುವುದಿಲ್ಲ. ಯಾರಾದರೂ ಕೂತು ಹೇಳಬೇಕು. ಹೇಳುವ ಕೊಂಡಿ ಒಂದು ಪೀಳಿಗೆಯಲ್ಲಿ ಕಡಿದರೆ ಅಲ್ಲಿಗೆ ಮುಗಿಯಿತು. ಮೃತರ ದಿನವೆಂಬುದು ಆ ಕೊಂಡಿ ಕಡಿಯದಂತೆ ಪ್ರತಿವರ್ಷ ಬಿಗಿ ಮಾಡುವ ಏರ್ಪಾಡು.

ಈ ಏರ್ಪಾಡು ಎಷ್ಟು ಗಂಭೀರವಾದುದೆಂದು ತಿಳಿಯಲು ಎಡೆಯ ಮುಂದೆ ಕೈ ತಡೆದು ನಿಂತವರನ್ನು ನೋಡಬೇಕು. 2014ರ ಸೆಪ್ಟೆಂಬರ್ 26ರ ರಾತ್ರಿ ಗೆರೆರೊ ರಾಜ್ಯದ ಇಗ್ವಾಲಾ ಪಟ್ಟಣದಲ್ಲಿ 43 ಮಂದಿ ವಿದ್ಯಾರ್ಥಿಗಳು ಕಣ್ಮರೆಯಾದರು. ಅಯೋತ್ಸಿನಾಪಾ ಎಂಬಲ್ಲಿ ಹಳ್ಳಿಯ ಶಾಲೆಗಳಿಗೆ ಶಿಕ್ಷಕರಾಗಲು ತರಬೇತಿ ಪಡೆಯುತ್ತಿದ್ದ ಬಡ ರೈತರ ಮಕ್ಕಳು ಅವರು. ಇದುವರೆಗೆ ಮೂವರ ಅಸ್ಥಿಯ ತುಣುಕುಗಳನ್ನು ಮಾತ್ರ ಆಸ್ಟ್ರಿಯದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಡಿಎನ್‌ಎ ಪರೀಕ್ಷೆ ಗುರುತಿಸಿದೆ. ಉಳಿದವರ ತಂದೆತಾಯಂದಿರು ನವೆಂಬರ್ ಬಂದಾಗ ಏನು ಮಾಡಬೇಕು? ಮಗನ ಭಾವಚಿತ್ರವನ್ನು ಎಡೆಯ ಮೇಲಿಟ್ಟರೆ ಅವನು ಸತ್ತನೆಂದು ತಾವೇ ಒಪ್ಪಿದಂತೆ. ಇಡದಿದ್ದರೆ ಹಬ್ಬದ ಮನೆಯಲ್ಲಿ ಅವನ ಜಾಗ ಖಾಲಿ. ಅವರು ಚಿತ್ರವನ್ನು ಎಡೆಗೆ ಕೊಡಲಿಲ್ಲ. ಎತ್ತಿ ಹಿಡಿದು ಬೀದಿಯಲ್ಲಿ ನಡೆದರು. ಕಾಲೇಜಿನ ಅಂಗಳದಲ್ಲಿ 43 ಖಾಲಿ ಕುರ್ಚಿಗಳನ್ನಿಟ್ಟು ಕಾದರು.

ಮೆಕ್ಸಿಕೊದಲ್ಲಿ ಹೀಗೆ ಕಾಣೆಯಾದವರ ಅಧಿಕೃತ ದಾಖಲೆ 2022ರ ಮೇ ತಿಂಗಳಲ್ಲಿ ಒಂದು ಲಕ್ಷವನ್ನು ದಾಟಿತು. ಗುದ್ದಲಿ ಹಿಡಿದು ಬಯಲು ಅಗೆಯುತ್ತಾ ಮಕ್ಕಳ ಮೂಳೆ ಹುಡುಕುವ ತಾಯಂದಿರ ಗುಂಪುಗಳೇ ಆ ದೇಶದಲ್ಲಿವೆ. ಸಾವಿನ ಜೊತೆ ನಗುವ ಜನ ಎಂದು ಮೆಕ್ಸಿಕೊದವರನ್ನು ಹೊಗಳುವವರು ಈ ತಾಯಂದಿರನ್ನೂ ನೆನೆಯಬೇಕು. ಎಡೆ ಇಡುವುದಕ್ಕೆ ಒಂದು ಸಮಾಧಿಯಾದರೂ ಇರುವುದು ಎಂಥ ಭಾಗ್ಯವೆಂದು ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು.

ಎಂಟು ಹೆಸರು

ಈಗ ಇತ್ತ ಕನ್ನಡ ನಾಡಿಗೆ ಬರೋಣ. ಪಿತೃಪಕ್ಷದಲ್ಲಿ, ಮಹಾಲಯ ಅಮಾವಾಸ್ಯೆಯಂದು ಇಲ್ಲಿಯೂ ಹಿರಿಯರ ಚಿತ್ರದ ಮುಂದೆ ಎಡೆ ಬೀಳುತ್ತದೆ. ಅವರಿಗೆ ಇಷ್ಟವಾದ ಅಡುಗೆ, ಹೊಸ ಬಟ್ಟೆ, ಕೆಲವು ಮನೆಗಳಲ್ಲಿ ಬೀಡಿ ಕಟ್ಟು ಕೂಡ. ಎರಡು ಆಚರಣೆಗಳ ನಡುವೆ ಕೊಡುಕೊಳ್ಳುವಿಕೆ ಏನೂ ನಡೆದಿಲ್ಲ; ಮನುಷ್ಯನ ಮನಸ್ಸು ಎಲ್ಲೆಡೆ ಒಂದೇ ಎಂಬುದಕ್ಕೆ ಇದು ಗುರುತು. ತರ್ಪಣ ಬಿಡುವವರು ತಂದೆ, ತಾತ, ಮುತ್ತಾತ ಎಂದು ಮೂರು ತಲೆಮಾರಿನ ಹೆಸರು ಹೇಳಬೇಕೆಂಬ ಕಟ್ಟಳೆಯೂ ಉಂಟು.

ಆದರೆ ಆ ಹೆಸರುಗಳು ಮನೆಯ ಮಕ್ಕಳ ಕಿವಿಗೆ ಬೀಳುತ್ತಿವೆಯೆ? ಅಂದು ಮಕ್ಕಳು ಶಾಲೆಯಲ್ಲೋ ಟ್ಯೂಷನ್ನಿನಲ್ಲೋ ಇರುತ್ತಾರೆ. ಸಂಜೆ ಬಂದು ವಡೆ ಪಾಯಸ ತಿನ್ನುತ್ತಾರೆ. ಗೋಡೆಯ ಮೇಲಿನ ಚಿತ್ರದಲ್ಲಿರುವವರು ಏನು ಓದಿದ್ದರು, ಯಾವ ಊರಿನಿಂದ ಗಂಟುಮೂಟೆ ಕಟ್ಟಿ ಬಂದರು, ಯಾವ ಬರಗಾಲದಲ್ಲಿ ಏನು ಮಾರಿದರು, ಯಾವ ತಮಾಷೆಗೆ ನಗುತ್ತಿದ್ದರು ಎಂಬುದು ಪರೀಕ್ಷೆಗೆ ಬಾರದ ವಿಷಯವಾದ್ದರಿಂದ ಯಾರೂ ಹೇಳುವುದಿಲ್ಲ.

ಲೆಕ್ಕ ಸುಲಭ. ಪ್ರತಿ ಮಗುವಿಗೆ ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಮುತ್ತಜ್ಜ ಮುತ್ತಜ್ಜಿಯರು ಎಂಟು ಮಂದಿ. ಮೊನಾರ್ಕ್ ಚಿಟ್ಟೆ ಹಾರಿ ತಲುಪುವಷ್ಟೇ ಹಿಂದಿನ ಪೀಳಿಗೆ ಅದು. ಒಂದು ಹಾಳೆಯಲ್ಲಿ ಎಂಟು ಗೆರೆ ಎಳೆದು ಆ ಎಂಟು ಹೆಸರುಗಳನ್ನು ಬರೆಯಲು ಪ್ರಯತ್ನಿಸಲಿ. ಗಂಡಸರ ಹೆಸರು ಮೂರೋ ನಾಲ್ಕೋ ಸಿಕ್ಕೀತು. ಹೆಂಗಸರ ಗೆರೆಗಳು ಹೆಚ್ಚಿನ ಮನೆಗಳಲ್ಲಿ ಖಾಲಿಯೇ ಉಳಿದಾವು. ಅವರನ್ನು ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಕರೆದು ಕಳುಹಿಸಿಬಿಟ್ಟಿದ್ದೇವೆ. ಖಾಲಿ ಗೆರೆಗಳನ್ನು ತುಂಬಿಸಬಲ್ಲವರು ಊರಿನಲ್ಲಿ ಇನ್ನೂ ಒಬ್ಬರಾದರೂ ಇರಬಹುದು: ಜಗಲಿಯ ಮೇಲೆ ಕೂತ ದೊಡ್ಡಜ್ಜಿ, ಹಾಸಿಗೆ ಹಿಡಿದ ಸೋದರಮಾವ.

ಮುಂದಿನ ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಗಳು ಆ ಹಾಳೆಯನ್ನೂ ಒಂದು ಪೆನ್ಸಿಲನ್ನೂ ಚೀಲದಲ್ಲಿಟ್ಟುಕೊಂಡು ಹೋಗಲಿ. ತಂದೆತಾಯಂದಿರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಲಿ. ಈ ಕೆಲಸವನ್ನು ಮಾತ್ರ ಮುಂದಿನ ವರ್ಷಕ್ಕೆ ದೂಡುವುದು ಬೇಡ, ಹೇಳುವವರಿಗೆ ವಯಸ್ಸಾಗಿದೆ.